ಕೈ ಎತ್ತಿದವರ ಸರದಿ: ಆನ್‌ಲೈನ್ ಸಭೆಗಳಲ್ಲಿ ಮಾತಿನ ಕೋರಿಕೆಯನ್ನು ವಿವರಿಸುವ ಬಗೆಗಳ ವಿಮರ್ಶೆ

1. ಪ್ರಶ್ನೆಯ ಸ್ವರೂಪ

ಮಾತನಾಡುವುದು ಒಂದು ಕ್ರಿಯೆ. ಮಾತನಾಡಲು ಬಯಸಿದ್ದೇನೆಂದು ಇತರರಿಗೆ ತಿಳಿಸುವುದು ಇನ್ನೊಂದು ಕ್ರಿಯೆ. ಎದುರುಬದುರು ಕುಳಿತು ನಡೆಸುವ ಮಾತುಕತೆಯಲ್ಲಿ ಇವೆರಡರ ನಡುವಿನ ಅಂತರ ಬಹಳ ಕಿರಿದು. ಆದ್ದರಿಂದಲೇ ಎರಡನೆಯದು ಪ್ರತ್ಯೇಕ ಕ್ರಿಯೆಯೆಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. 2020ರ ಮಾರ್ಚ್ ನಂತರ ತರಗತಿ, ಸಮಿತಿಸಭೆ, ಸಂಶೋಧನಾ ಪ್ರಗತಿಯ ಪರಿಶೀಲನೆಗಳೆಲ್ಲ ವಿಡಿಯೊ ಸಭೆಗಳಿಗೆ ಸ್ಥಳಾಂತರಗೊಂಡಾಗ ಈ ಅಂತರ ಎದ್ದು ಕಾಣುವಷ್ಟು ಅಗಲವಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಹೊರಡಿಸಿದ ಮಾರ್ಗಸೂಚಿಯು ಪಿಎಚ್.ಡಿ. ಮೌಖಿಕ ಪರೀಕ್ಷೆಯನ್ನೂ ಇಂಥ ಸಭೆಗಳ ಮೂಲಕ ನಡೆಸಲು ಅವಕಾಶ ಕೊಟ್ಟಿತು. ಸೋಂಕಿನ ಕಾಲ ಕಳೆದರೂ ಈ ಪದ್ಧತಿ ಉಳಿದುಕೊಂಡಿದೆ.

ಇಲ್ಲಿ ಪಣಕ್ಕಿರುವುದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಮೌಖಿಕ ಪರೀಕ್ಷೆಯಲ್ಲಾಗಲಿ ಸಮಿತಿಯಲ್ಲಾಗಲಿ ಒಬ್ಬರ ಮೌನಕ್ಕೆ ನಾವು ಅರ್ಥ ಹಚ್ಚುತ್ತೇವೆ: ಒಪ್ಪಿಗೆಯೆಂದೋ, ಅರಿವಿನ ಕೊರತೆಯೆಂದೋ, ಅನಾಸಕ್ತಿಯೆಂದೋ. ಮಾತಿನೊಳಕ್ಕೆ ಪ್ರವೇಶಿಸುವ ದಾರಿ ಸಿಗದೆ ಉಂಟಾದ ಮೌನವೂ ಕೇಳುವವರಿಗೆ ಹಾಗೆಯೇ ಕೇಳಿಸುತ್ತದೆ. ಈ ಎರಡು ಮೌನಗಳನ್ನು ಬೇರ್ಪಡಿಸಲು ಭಾಷಾವಿಜ್ಞಾನ ನಮಗೆ ಉಪಕರಣವನ್ನು ಒದಗಿಸಬೇಕಾಗಿತ್ತು. ಅದು ಈವರೆಗೆ ಒದಗಿಸಿರುವ ಉಪಕರಣಗಳು ಈ ಕೆಲಸಕ್ಕೆ ಸಾಲವು ಎಂಬುದು ನಮ್ಮ ವಾದ.

ಪ್ರಚಲಿತ ಚರ್ಚೆಯಲ್ಲಿ ಎರಡು ನಿಲುವುಗಳು ಪ್ರಧಾನವಾಗಿವೆ. ಮೊದಲನೆಯದು, ತೊಂದರೆಯೆಲ್ಲವೂ ಕಾಲವಿಳಂಬದ್ದು ಎನ್ನುತ್ತದೆ. ಎರಡನೆಯದು, ತೊಂದರೆಗೆ ಪರಿಹಾರ ಸಿಕ್ಕಿದೆ, ಅದು 'ರೈಸ್ ಹ್ಯಾಂಡ್' ಗುಂಡಿ ಎನ್ನುತ್ತದೆ. ಒಂದು ಪ್ರಯೋಗಾಲಯದಿಂದ ಬಂದದ್ದು, ಇನ್ನೊಂದು ಕಾರ್ಯಾಲಯಗಳ ನಡವಳಿಕೆಯಿಂದ ಬಂದದ್ದು. ಇವುಗಳ ಹಿಂದೆ ಒಂದೇ ಊಹೆಯಿದೆ: ಸರದಿಗಾಗಿ ಕಾಯುವವರಿಗೆಲ್ಲ ಬೇಕಾಗಿರುವುದು ಒಂದೇ ಬಗೆಯ ಸರದಿ ಎಂಬುದು. ಪ್ರಸ್ತುತ ಲೇಖನದಲ್ಲಿ ನಾವು ಹೊಸ ದತ್ತವನ್ನು ಮಂಡಿಸುತ್ತಿಲ್ಲ. ಕನ್ನಡದ ಉದಾಹರಣೆಗಳು ನಾವು ರಚಿಸಿದವು. ಸಂಭಾಷಣಾ ವಿಶ್ಲೇಷಣೆಯ ಶಿಸ್ತು ರಚಿತ ಉದಾಹರಣೆಗಳನ್ನು ಪ್ರಮಾಣವಾಗಿ ಸ್ವೀಕರಿಸುವುದಿಲ್ಲವಾದ್ದರಿಂದ ಅವನ್ನು ಪರೀಕ್ಷಿಸಬೇಕಾದ ಊಹೆಗಳೆಂದೇ ಓದಬೇಕು.

2. 1974ರ ಮಾದರಿಯಲ್ಲಿ 'ಬಯಸುವವ' ಎಲ್ಲಿದ್ದಾನೆ?

ಹಾರ್ವಿ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಗೇಲ್ ಜೆಫರ್‌ಸನ್ ಅವರು 1974ರಲ್ಲಿ 'ಲ್ಯಾಂಗ್ವೇಜ್' ಪತ್ರಿಕೆಯಲ್ಲಿ ಪ್ರಕಟಿಸಿದ ಸರದಿ ವ್ಯವಸ್ಥೆಯ ನಿಯಮಗಳು ಈ ಓದುಗರಿಗೆ ಚಿರಪರಿಚಿತ. ಸರದಿ ಕೈಬದಲಾಗಬಹುದಾದ ತಾಣ ಬಂದಾಗ, ಮಾತನಾಡುತ್ತಿರುವವರು ಮುಂದಿನವರನ್ನು ಆರಿಸಿದ್ದರೆ ಸರದಿ ಅವರದು; ಆರಿಸದಿದ್ದರೆ ಯಾರಾದರೂ ತಾವೇ ಆರಂಭಿಸಬಹುದು, ಮೊದಲು ಆರಂಭಿಸಿದವರಿಗೆ ಹಕ್ಕು; ಯಾರೂ ಆರಂಭಿಸದಿದ್ದರೆ ಮೊದಲಿನವರೇ ಮುಂದುವರಿಯಬಹುದು. ಈ ನಿಯಮಗಳಲ್ಲಿ ಮಾತನಾಡುವವರಿದ್ದಾರೆ, ಕೇಳುವವರಿದ್ದಾರೆ, ಆರಂಭಿಸುವವರಿದ್ದಾರೆ. ಮಾತನಾಡಲು ಬಯಸುತ್ತಾ ಇನ್ನೂ ಆರಂಭಿಸದವರಿಗೆ ಇವುಗಳಲ್ಲಿ ಹೆಸರಿಲ್ಲ. ಆರಂಭಿಸುವುದೇ ಕೋರುವುದು ಎಂಬ ಸಮೀಕರಣವನ್ನು ಈ ಮಾದರಿ ಮೌನವಾಗಿ ಒಪ್ಪಿಕೊಂಡಿದೆ.

ಈ ಲೋಪವನ್ನು ಮೊದಲು ಗುರುತಿಸಿದವರು ನಾವಲ್ಲ. ಸ್ಟಾರ್ಕಿ ಡಂಕನ್ ಮತ್ತು ಜಾರ್ಜ್ ನೀಡರೀ ಅದೇ 1974ರಲ್ಲಿ, ಕೇಳುಗ ಮಾತುಗಾರನಾಗಿ ಬದಲಾಗುವ ಕ್ಷಣದಲ್ಲಿ ಕಾಣಿಸಿಕೊಳ್ಳುವ ಚಿಹ್ನೆಗಳನ್ನು ಪಟ್ಟಿ ಮಾಡಿದ್ದರು: ತಲೆ ಹೊರಳಿಸುವುದು, ಕೇಳಿಸುವಂತೆ ಉಸಿರೆಳೆದುಕೊಳ್ಳುವುದು, ಕೈಚಲನೆ ಆರಂಭಿಸುವುದು, ಧ್ವನಿಯನ್ನು ಅಗತ್ಯಕ್ಕಿಂತ ಏರಿಸುವುದು. ಆಡಂ ಕೆಂಡನ್ 1967ರಷ್ಟು ಹಿಂದೆಯೇ ನೋಟದ ಪಾತ್ರವನ್ನು ಚರ್ಚಿಸಿದ್ದರು. ಲೊರೆಂಝಾ ಮೊಂಡಾಡಾ ಅವರ 2007ರ ಲೇಖನವಂತೂ ಸಭೆಯೊಂದರಲ್ಲಿ ಮೇಜಿನ ಮೇಲಿನ ನಕಾಶೆಯತ್ತ ಬೆರಳು ಚಾಚುವ ಕ್ರಿಯೆಯೇ ಒಬ್ಬರನ್ನು 'ಮುಂದೆ ಮಾತನಾಡಬಹುದಾದವರು' ಎಂಬ ಸ್ಥಾನಕ್ಕೆ ಹೇಗೆ ತರುತ್ತದೆಂಬುದನ್ನು ತೋರಿಸಿಕೊಟ್ಟಿತು. ಆದರೂ ಇವುಗಳನ್ನು ಮೂಲ ಮಾದರಿಯ ಪರಿಶಿಷ್ಟಗಳಂತೆ ಓದುವ ರೂಢಿ ಬಂದಿದೆ. ನಿಯಮ ಅಲ್ಲೇ ಇರುತ್ತದೆ, ದೇಹ ಅದಕ್ಕೆ ಅಲಂಕಾರವಾಗಿ ಸೇರುತ್ತದೆ.

1974ರ ಲೇಖಕರು ಇನ್ನೊಂದು ಮಾತನ್ನೂ ಹೇಳಿದ್ದರು. ಅದನ್ನು ಉಲ್ಲೇಖಿಸುವವರು ಕಡಿಮೆ. ಸರದಿಗಳನ್ನು ಹಂಚುವ ವ್ಯವಸ್ಥೆಗಳು ಒಂದು ಸಾಲಿನಲ್ಲಿ ಹರಡಿಕೊಂಡಿವೆ. ಒಂದು ತುದಿಯಲ್ಲಿ ಪ್ರತಿ ಸರದಿಯೂ ಆಯಾ ಕ್ಷಣದಲ್ಲೇ ನಿರ್ಧಾರವಾಗುವ ಮಾತುಕತೆ, ಇನ್ನೊಂದು ತುದಿಯಲ್ಲಿ ಎಲ್ಲ ಸರದಿಗಳೂ ಪೂರ್ವನಿಗದಿಯಾಗಿರುವ ವಾಗ್ವಾದ. ಅಧ್ಯಕ್ಷರಿರುವ ಸಭೆಗಳು ಇವೆರಡರ ನಡುವೆ ಎಲ್ಲೋ ಇರುತ್ತವೆ. ಮ್ಯಾಕ್‌ಹೌಲ್ 1978ರಲ್ಲಿ ತರಗತಿಯ ಸರದಿಗಳನ್ನು ಇದೇ ಚೌಕಟ್ಟಿನಲ್ಲಿ ವಿವರಿಸಿದರು. ಆನ್‌ಲೈನ್ ಸಭೆಗೆ ಈ ಸಾಲಿನಲ್ಲಿ ಗೊತ್ತಾದ ಜಾಗವಿಲ್ಲ; ಒಂದೇ ಗಂಟೆಯಲ್ಲಿ ಅದು ತುದಿಯಿಂದ ತುದಿಗೆ ಓಡಾಡುತ್ತಿರುತ್ತದೆ. ಅಧ್ಯಕ್ಷರು ಕೈ ಎತ್ತಿದವರನ್ನು ಕರೆಯುತ್ತಿರುವಾಗಲೇ ಇಬ್ಬರು ಹಿರಿಯರು ಪರಸ್ಪರ ಹರಟೆಯ ಲಯಕ್ಕೆ ಜಾರಿಬಿಡುತ್ತಾರೆ. ಉಳಿದವರ ಕೈಗಳು ಪರದೆಯ ಮೇಲೆ ಹಾಗೆಯೇ ನಿಂತಿರುತ್ತವೆ. ಯಾವ ಕ್ಷಣದಲ್ಲಿ ಯಾವ ವ್ಯವಸ್ಥೆ ಜಾರಿಯಲ್ಲಿದೆ ಎಂಬುದೇ ಭಾಗವಹಿಸುವವರಿಗೆ ಸಮಸ್ಯೆಯಾಗಿರುವಾಗ, ಒಂದು ವ್ಯವಸ್ಥೆಯನ್ನು ಆಧಾರವಾಗಿಟ್ಟು ಇನ್ನೊಂದನ್ನು ವಿಚಲನೆಯೆಂದು ಕರೆಯುವುದು ವಿವರಣೆಯಾಗುವುದಿಲ್ಲ.

3. ವಿಳಂಬದ ವಾದ

ತಾನ್ಯಾ ಸ್ಟಿವರ್ಸ್ ಮತ್ತು ಸಹಲೇಖಕರು 2009ರಲ್ಲಿ ಹತ್ತು ಭಾಷೆಗಳ ಹೌದು-ಅಲ್ಲ ಪ್ರಶ್ನೆಗಳನ್ನು ಹೋಲಿಸಿ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡು ಎಂದು ತೋರಿಸಿದರು. ಜಪಾನೀ ಭಾಷೆಯಲ್ಲಿ ಅದು 7, ಡೇನಿಶ್‌ನಲ್ಲಿ 469. ಆ ಹತ್ತರಲ್ಲಿ ದ್ರಾವಿಡ ಭಾಷೆಯೊಂದೂ ಇರಲಿಲ್ಲ. ಭಾರತದ ಯಾವ ಭಾಷೆಯೂ ಇರಲಿಲ್ಲ. ಹೀಗಿದ್ದೂ ಆ 200ರ ಸಂಖ್ಯೆ ಮಾನವ ಭಾಷೆಯ ಗುಣಲಕ್ಷಣವೆಂಬಂತೆ ನಮ್ಮ ಪಠ್ಯಪುಸ್ತಕಗಳನ್ನು ಸೇರುತ್ತಿದೆ.

ಜೂಲಿ ಬೋಲಂಡ್ ಮತ್ತು ಸಹಲೇಖಕರು 2021ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಲಯ ಝೂಮ್‌ನಲ್ಲಿ ಕೆಡುತ್ತದೆಂದು ತೋರಿಸಿದವು. ಮೊದಲೇ ಮುದ್ರಿಸಿದ ಹೌದು-ಅಲ್ಲ ಪ್ರಶ್ನೆಗಳಿಗೆ ಉತ್ತರಿಸಲು ಸ್ವಂತ ಕಂಪ್ಯೂಟರಿನಲ್ಲಿ 297 ಮಿಲಿಸೆಕೆಂಡು ಬೇಕಾದರೆ ಝೂಮ್‌ನಲ್ಲಿ 976 ಬೇಕಾಯಿತು. ಇಬ್ಬರ ಸ್ವತಂತ್ರ ಮಾತುಕತೆಯಲ್ಲಿ ಸರದಿ ಬದಲಾಗುವ ಅಂತರ ಎದುರುಬದುರಿನಲ್ಲಿ 135, ಝೂಮ್‌ನಲ್ಲಿ 487. ಈ ಹೆಚ್ಚಳ ಕೇವಲ ಸಂಕೇತದ ಪ್ರಯಾಣಕಾಲದ್ದಲ್ಲ, ಆ ಪ್ರಯಾಣಕಾಲ ಇದಕ್ಕಿಂತ ಬಹಳ ಕಡಿಮೆ ಎಂಬುದನ್ನು ಲೇಖಕರೇ ಗುರುತಿಸುತ್ತಾರೆ. ಉಚ್ಚಾರಾಂಶಗಳ ವೇಗಕ್ಕೆ ಹೊಂದಿಕೊಳ್ಳುವ ಮಿದುಳಿನ ಆಂದೋಲನಗಳು ವಿಳಂಬದಿಂದಾಗಿ ಹಳಿ ತಪ್ಪುತ್ತವೆ ಎಂಬ ವಿವರಣೆಯನ್ನು ಅವರು ಮುಂದಿಡುತ್ತಾರೆ.

ಪ್ರಯೋಗ ಎಚ್ಚರಿಕೆಯದು, ಅಳತೆಗಳನ್ನು ನಾವು ಪ್ರಶ್ನಿಸುವುದಿಲ್ಲ. ಆಕ್ಷೇಪವಿರುವುದು ಈ ಅಳತೆಗಳನ್ನು ಸಭೆಗೆ ಅನ್ವಯಿಸುವ ಪರಿಪಾಠಕ್ಕೆ. ಇಬ್ಬರಷ್ಟೇ ಇರುವ ಮಾತುಕತೆಯಲ್ಲಿ 'ಮುಂದಿನವರು ಯಾರು' ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ; 'ಯಾವಾಗ' ಎಂಬುದಷ್ಟೇ ಉಳಿಯುತ್ತದೆ. ಮೂರನೆಯವರು ಸೇರಿದೊಡನೆ ಪ್ರಶ್ನೆಯ ಜಾತಿಯೇ ಬದಲಾಗುತ್ತದೆ. ಹನ್ನೆರಡು ಜನರ ಸಮಿತಿಯಲ್ಲಿ ಅರ್ಧ ಸೆಕೆಂಡು ತಡವಾಗುವುದು ಲಯದ ಭಂಗವಾಗಿ ನಿಲ್ಲದೆ ಸರದಿಯ ನಷ್ಟವಾಗುತ್ತದೆ. ಸರಾಸರಿ ಅಂತರವನ್ನು ಅಳೆಯುವ ವಿಧಾನಕ್ಕೆ ಈ ನಷ್ಟ ಕಾಣುವುದೇ ಇಲ್ಲ, ಏಕೆಂದರೆ ಅದು ಆರಂಭವಾದ ಸರದಿಗಳನ್ನು ಮಾತ್ರ ಎಣಿಸುತ್ತದೆ. ಬಾಯಿ ತೆರೆದು ಮುಚ್ಚಿದವರು ಯಾವ ಕೋಷ್ಟಕದಲ್ಲೂ ದಾಖಲಾಗುವುದಿಲ್ಲ.

ಇನ್ನೂ ಆಳದ ತೊಡಕೊಂದಿದೆ. 'ಮೊದಲು ಆರಂಭಿಸಿದವರಿಗೆ ಹಕ್ಕು' ಎಂಬ ನಿಯಮ, ಎಲ್ಲರಿಗೂ ಸಮಾನವಾದ ಒಂದೇ ಕಾಲವಿದೆ ಎಂದು ಭಾವಿಸುತ್ತದೆ. ಒಂದೇ ಕೋಣೆಯಲ್ಲಿರುವವರಿಗೆ ಅದು ನಿಜ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಒಮ್ಮುಖ ವಿಳಂಬ 150 ಮಿಲಿಸೆಕೆಂಡು ಮೀರದಿದ್ದರೆ ಒಳ್ಳೆಯದೆನ್ನುತ್ತದೆ. ಆ ಒಳ್ಳೆಯ ಸ್ಥಿತಿಯನ್ನೇ ತೆಗೆದುಕೊಳ್ಳೋಣ. ಅಧ್ಯಕ್ಷರು ಸೊನ್ನೆಯ ಕ್ಷಣದಲ್ಲಿ ಮಾತು ಮುಗಿಸುತ್ತಾರೆ. ಸದಸ್ಯೆಯೊಬ್ಬರಿಗೆ ಅದು ಮುಗಿದದ್ದು ಕೇಳಿಸುವುದು 150ರಲ್ಲಿ. ಆಕೆ ಯಾವ ಸಂಕೋಚವೂ ಇಲ್ಲದೆ 200 ಮಿಲಿಸೆಕೆಂಡಿನ ನಂತರ, ಅಂದರೆ 350ರಲ್ಲಿ ಆರಂಭಿಸುತ್ತಾರೆ. ಅದು ಅಧ್ಯಕ್ಷರನ್ನು ತಲುಪುವುದು 500ರಲ್ಲಿ. ಅಷ್ಟರಲ್ಲಿ ಯಾರೂ ಮಾತನಾಡಲಿಲ್ಲವೆಂದುಕೊಂಡ ಅಧ್ಯಕ್ಷರು 400ರಲ್ಲಿ 'ಅಂದರೆ...' ಎಂದು ಮುಂದುವರಿದಿರುತ್ತಾರೆ. ಅದು ಸದಸ್ಯೆಗೆ ಕೇಳಿಸುವುದು 550ರಲ್ಲಿ. ಅಧ್ಯಕ್ಷರ ಕಿವಿಯಲ್ಲಿ, ಅವರು ಮಾತು ತೆಗೆದ ಮೇಲೆ ಸದಸ್ಯೆ ಅಡ್ಡಬಂದರು. ಸದಸ್ಯೆಯ ಕಿವಿಯಲ್ಲಿ, ತಾನು ಆಡುತ್ತಿದ್ದ ಮಾತನ್ನು ಅಧ್ಯಕ್ಷರು ಕತ್ತರಿಸಿದರು. ಇಬ್ಬರದೂ ಸರಿ. 'ಯಾರು ಮೊದಲು' ಎಂಬುದಕ್ಕೆ ಇಲ್ಲಿ ಒಂದೇ ಉತ್ತರವಿಲ್ಲ; ಕೇಳುವ ಸ್ಥಳಕ್ಕೊಂದು ಉತ್ತರವಿದೆ. ವೈದ್ಯಕೀಯ ಸಮಾಲೋಚನೆಗಳ ದತ್ತವನ್ನು ಆಧರಿಸಿ ಲ್ಯೂಕಸ್ ಸೂರೆನ್ ಮತ್ತು ಸಹಲೇಖಕರು 2021ರಲ್ಲಿ ಬರೆದ ಲೇಖನ ಈ ದ್ವಂದ್ವವನ್ನು ಗಂಭೀರವಾಗಿ ಎದುರಿಸಿದ ಕೆಲವೇ ಬರಹಗಳಲ್ಲಿ ಒಂದು.

ಇಂಥ ಎರಡು ಮೂರು ಡಿಕ್ಕಿಗಳಾದ ಮೇಲೆ ಹಿಂದೆ ಸರಿಯುವವರು ಯಾರು? ನೆಟ್‌ವರ್ಕ್ ಇಬ್ಬರಿಗೂ ಸಮನಾಗಿ ವಿಳಂಬ ಮಾಡಿರಬಹುದು. ಆದರೆ 'ಕ್ಷಮಿಸಿ ಸರ್, ನೀವು ಹೇಳಿ' ಎನ್ನುವ ಹೊಣೆ ಸಮನಾಗಿ ಹಂಚಿಕೆಯಾಗುವುದಿಲ್ಲ. ವಿಳಂಬದ ವಾದ ಈ ಹಂತಕ್ಕೆ ಬರುವ ಮೊದಲೇ ನಿಂತುಬಿಡುತ್ತದೆ.

4. ಕನ್ನಡದ 'ಸರ್' ಮತ್ತು 'ಹೇಳಿ'

ಕನ್ನಡದಲ್ಲಿ ನಡೆಯುವ ಸಭೆಗಳನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಇಲ್ಲಿ ಕಿರಿಯರು ನೇರವಾಗಿ ವಿಷಯಕ್ಕೆ ಬಂದು ಸರದಿ ಹಿಡಿಯುವುದು ವಿರಳ. 'ಸರ್', 'ಮೇಡಂ', 'ಸರ್, ಒಂದು ನಿಮಿಷ', 'ಒಂದು ಮಾತು' ಎನ್ನುತ್ತಾರೆ, ನಿಲ್ಲುತ್ತಾರೆ. ಅಧ್ಯಕ್ಷರಿಂದ 'ಹಾಂ, ಹೇಳಿ' ಬಂದ ಮೇಲೆ ವಿಷಯ ಆರಂಭವಾಗುತ್ತದೆ. ಶೆಗ್ಲಾಫ್ 1968ರಲ್ಲಿ ದೂರವಾಣಿ ಮಾತುಕತೆಯ ಆರಂಭದಲ್ಲಿ ಗುರುತಿಸಿದ ಕರೆ-ಓಗೊಡುವಿಕೆ ಎಂಬ ಜೋಡಿಯೇ ಇದು. ವ್ಯತ್ಯಾಸವೆಂದರೆ, ಅಲ್ಲಿ ಅದು ಮಾತುಕತೆಯನ್ನು ತೆರೆಯುವ ಸಾಧನ. ಇಲ್ಲಿ ಅದು ಮಾತುಕತೆಯ ಒಳಗೆ ಪ್ರತಿ ಸರದಿಗೂ ಬಾಗಿಲಾಗಿ ಕೆಲಸ ಮಾಡುತ್ತದೆ. ಅಂದರೆ ಕೋರಿಕೆ ಮತ್ತು ಅನುಮತಿ ಎರಡನ್ನೂ ಕನ್ನಡ ಮಾತಿನಲ್ಲೇ ಇಟ್ಟುಕೊಂಡಿದೆ. 1974ರ ಮಾದರಿಗೆ ಕಾಣದ 'ಬಯಸುವವರು' ಈ ಒಂದು ಪದದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುತ್ತಾರೆ.

ಅನುಮತಿಯ ರೂಪವೂ ಏಕರೂಪದ್ದಲ್ಲ. ಸಹೋದ್ಯೋಗಿಗೆ 'ಹೇಳಿ ಸರ್', ವಿದ್ಯಾರ್ಥಿನಿಗೆ 'ಹೇಳಮ್ಮಾ', ವಿದ್ಯಾರ್ಥಿಗೆ 'ಹೇಳಪ್ಪಾ', ಮುನಿಸಿದ್ದರೆ ಬರಿಯ 'ಹೂಂ'. ಸರದಿ ಸಿಗುವುದರ ಜೊತೆಗೇ ಎಂಥ ಸರದಿ ಸಿಕ್ಕಿದೆ, ಎಷ್ಟು ಹೊತ್ತು ಮಾತನಾಡಬಹುದು ಎಂಬ ಅಂದಾಜೂ ಸಿಗುತ್ತದೆ. 'ಹೇಳಮ್ಮಾ' ಎಂದಾಗ ಸಿಕ್ಕಿದ ಸಲಿಗೆಯನ್ನೂ ಅದರೊಳಗಿನ ಕಿರಿತನವನ್ನೂ ಸಂಶೋಧನಾ ವಿದ್ಯಾರ್ಥಿನಿಯರು ಒಟ್ಟಿಗೇ ಸ್ವೀಕರಿಸಬೇಕಾಗುತ್ತದೆ.

ಮಾತಿನ ಕೊನೆಯನ್ನು ಮುಂಗಾಣುವ ವಿಚಾರದಲ್ಲೂ ಕನ್ನಡಕ್ಕೆ ತನ್ನದೇ ವಿನ್ಯಾಸವಿದೆ. ಕ್ರಿಯಾಪದ ಕೊನೆಗೆ ಬರುವ ಜಪಾನೀ ಭಾಷೆಯಲ್ಲಿ ಸರದಿ ಎಲ್ಲಿ ಮುಗಿಯುತ್ತದೆಂಬುದು ಇಂಗ್ಲಿಷಿಗಿಂತ ತಡವಾಗಿ ತಿಳಿಯುತ್ತದೆಂದು ಹಿರೊಕೊ ತನಾಕಾ ಅವರ 1999ರ ಗ್ರಂಥ ವಾದಿಸಿತು. ಕನ್ನಡವೂ ಕ್ರಿಯಾಂತ್ಯ ಭಾಷೆ. ಆದರೆ ಇಲ್ಲಿ ಪೂರ್ಣಕ್ರಿಯಾಪದ ಪುರುಷ, ಲಿಂಗ, ವಚನಗಳನ್ನು ಹೊತ್ತು ಬರುವುದರಿಂದ ಮುಕ್ತಾಯ ಬಂದಾಗ ಅದು ಸ್ಪಷ್ಟವಾಗಿ ಬರುತ್ತದೆ. ಅದಕ್ಕೆ ಮೊದಲು 'ಹೋಗಿ, ನೋಡಿ, ಕೇಳಿಕೊಂಡು, ಬಂದು' ಎಂದು ಅಪೂರ್ಣ ಕ್ರಿಯೆಗಳನ್ನು ಪೋಣಿಸುತ್ತಾ ಎಷ್ಟು ಹೊತ್ತಾದರೂ ಸರದಿಯನ್ನು ಕೈಯಲ್ಲಿಟ್ಟುಕೊಳ್ಳಬಹುದು. ನಮ್ಮ ಕೆಲವು ಸಭಾಧ್ಯಕ್ಷರು ಈ ಸೌಲಭ್ಯವನ್ನು ಪೂರ್ತಿಯಾಗಿ ಬಳಸಿಕೊಳ್ಳುತ್ತಾರೆ. ಪೂರ್ಣಕ್ರಿಯಾಪದದ ನಂತರವೂ ಮಾತು ನಿಲ್ಲಬೇಕೆಂದಿಲ್ಲ: 'ಆ ವರದಿ ಬಂದಿದೆ ಅಲ್ವಾ ಸರ್', 'ಅವರೇ ಹೇಳಿದ್ರು ನಿನ್ನೆ ಸಭೆಯಲ್ಲಿ' ಎಂಬಲ್ಲಿ ಕ್ರಿಯಾಪದದ ಆಚೆ ಒಂದು ಬಾಲ ಬೆಳೆಯುತ್ತದೆ. ಎದುರುಬದುರು ಮಾತಿನಲ್ಲಿ ಮುಂದಿನವರ 'ಸರ್' ಈ ಬಾಲದ ಮೇಲೆ ಬೀಳುತ್ತದೆ. ಅದು ಅಡ್ಡಮಾತಲ್ಲ, ಮುಗಿದ ಮಾತಿನ ಅಂಚಿಗೆ ತಾಗಿ ನಿಂತ ಕೋರಿಕೆ. ಇಬ್ಬರಿಗೂ ನಷ್ಟವಿಲ್ಲ.

ವಿಡಿಯೊ ಸಭೆಯಲ್ಲಿ ಮೊದಲು ಹಾಳಾಗುವುದು ಈ ಅಂಚೇ. ಮೈಕ್ ಮುಚ್ಚಿಟ್ಟುಕೊಂಡಿರುವ ಶಿಷ್ಟಾಚಾರದಿಂದಾಗಿ 'ಸರ್' ಎನ್ನುವ ಮೊದಲು ಗುಂಡಿಯೊಂದನ್ನು ಒತ್ತಬೇಕು. ಬಾಲ ಅಷ್ಟರಲ್ಲಿ ಮುಗಿದಿರುತ್ತದೆ ಅಥವಾ ಹೊಸ ವಾಕ್ಯ ಆರಂಭವಾಗಿರುತ್ತದೆ. ಗದ್ದಲವನ್ನು ಸೋಸುವ ತಂತ್ರಾಂಶ ಮಾತಲ್ಲದ್ದನ್ನು ತೆಗೆಯಲೆಂದೇ ರಚಿತವಾದದ್ದು. ಡಂಕನ್ ಪಟ್ಟಿಯ ಉಸಿರೆಳೆತ, ನಮ್ಮಲ್ಲಿ ಮಾತಿಗೆ ಮೊದಲು ನಾಲಿಗೆಯಿಂದ ಹೊರಡುವ 'ತ್ಚ್' ಅದರ ಕಣ್ಣಿಗೆ ಗದ್ದಲವೇ. ಒಂದೇ ಉಚ್ಚಾರಾಂಶದ 'ಸರ್' ಕೂಡ ಇನ್ನೊಬ್ಬರ ಮಾತಿನ ಮೇಲೆ ಬಿದ್ದರೆ ಉಳಿಯುವುದು ಕಷ್ಟ. ಉಳಿದರೂ ಅದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ; ಎಲ್ಲ ಧ್ವನಿಗಳೂ ಒಂದೇ ಸ್ಪೀಕರಿನಿಂದ ಹೊರಡುತ್ತವೆ. 'ಯಾರು ಮಾತಾಡಿದ್ದು?' ಎಂಬ ಅಧ್ಯಕ್ಷರ ಪ್ರಶ್ನೆ ಕೋರಿಕೆಗೆ ಓಗೊಡುವ ಬದಲು ವಿಚಾರಣೆಯಂತೆ ಕೇಳಿಸುತ್ತದೆ.

ನೋಟವೂ ನೆರವಿಗೆ ಬರುವುದಿಲ್ಲ. ಚೌಕಗಳ ಜೋಡಣೆ ಪ್ರತಿಯೊಬ್ಬರ ಪರದೆಯಲ್ಲೂ ಬೇರೆ ಇರಬಹುದಾದ್ದರಿಂದ ಒಬ್ಬರತ್ತ ನೋಡುವುದು ಎಂಬ ಕ್ರಿಯೆಗೆ ಅರ್ಥವಿಲ್ಲ. ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಅವರು 1990ರ ದಶಕದ ಆರಂಭದಲ್ಲೇ, ಪರದೆಯ ಮೂಲಕ ಬರುವ ಅಂಗಚಲನೆ ಎದುರಿನವರ ಗಮನವನ್ನು ಸೆಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆಂದು ಗುರುತಿಸಿದ್ದರು. ಮೂವತ್ತು ವರ್ಷಗಳಲ್ಲಿ ಚಿತ್ರದ ಸ್ಪಷ್ಟತೆ ಎಷ್ಟೋ ಪಟ್ಟು ಹೆಚ್ಚಿದೆ. ಈ ಮಾತು ಹಳತಾಗಿಲ್ಲ.

ಹಳೆಯ ಸಂಕೇತಗಳು ಅಳಿದಲ್ಲಿ ಬಳಕೆದಾರರು ಹೊಸವನ್ನು ಹುಡುಕಿಕೊಂಡಿದ್ದಾರೆ. ಮೈಕ್‌ನ ಚಿಹ್ನೆ ಕೆಂಪಿನಿಂದ ಬಿಳಿಗೆ ತಿರುಗುವುದನ್ನು ಕಂಡು 'ಏನೋ ಹೇಳಬೇಕೆಂದಿದ್ದೀರಾ?' ಎಂದು ಕೇಳುವ ಅಧ್ಯಕ್ಷರಿದ್ದಾರೆ. ಸಂಕೇತವಾಗಲೆಂದು ಯಾರೂ ಅದನ್ನು ರೂಪಿಸಿರಲಿಲ್ಲ. ಬಳಕೆಯಲ್ಲಿ ಅದು ಉಸಿರೆಳೆತದ ಸ್ಥಾನಕ್ಕೆ ಬಂದಿದೆ. ಇದಕ್ಕೆ ಸಂಬಂಧಿಸಿದ ವ್ಯಾಕರಣವೂ ಕುತೂಹಲಕರ. 'ಅನ್‌ಮ್ಯೂಟ್ ಮಾಡ್ಕೊಳ್ಳಿ' ಎನ್ನುತ್ತೇವೆ. 'ಹ್ಯಾಂಡ್ ರೈಸ್ ಮಾಡಿ' ಎನ್ನುತ್ತೇವೆ. ಮೊದಲನೆಯದಕ್ಕೆ ಸಹಜವಾಗಿ ಬರುವ 'ಕೊಳ್ಳು' ಎರಡನೆಯದಕ್ಕೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ ಎಂಬುದು ನಮ್ಮ ಭಾಷಾಪ್ರಜ್ಞೆ. ಮೈಕ್ ತನ್ನದು, ತನಗಾಗಿ ತೆರೆದುಕೊಳ್ಳುವಂಥದ್ದು. ಎತ್ತಿದ ಕೈ ಇತರರಿಗೆ ಒಪ್ಪಿಸಿದ್ದು. 'ಕೊಳ್ಳು' ರೂಪದ ಬಗ್ಗೆ ಕೆಲಸ ಮಾಡುವವರು ಇದನ್ನು ಪರೀಕ್ಷಿಸಿ ನೋಡಬಹುದು.

5. ಗುಂಡಿಯ ವ್ಯಾಕರಣ

ಕೈ ಎತ್ತುವ ಗುಂಡಿ ಕೆಲವರಿಗೆ ನಿಜವಾಗಿಯೂ ಬಾಗಿಲು ತೆರೆದಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ತೊದಲುವವರು, ಸಭೆಯ ಭಾಷೆ ಎರಡನೆಯ ಭಾಷೆಯಾಗಿರುವವರು, ಮಾತಿನ ನೂಕುನುಗ್ಗಲಿನಲ್ಲಿ ಸದಾ ಹಿಂದೆ ಬೀಳುತ್ತಿದ್ದವರು ಈಗ ಸಾಲಿನಲ್ಲಿ ನಿಲ್ಲಬಹುದು. ಆದರೆ ಇದರಿಂದ ಗುಂಡಿಯೇ ಪ್ರಜಾಸತ್ತಾತ್ಮಕವೆಂಬ ತೀರ್ಮಾನಕ್ಕೆ ಜಿಗಿಯುವುದು ಸರಿಯಲ್ಲ. ಸಾಲು ಕಾಣುತ್ತದೆ, ಹೆಸರುಗಳು ಕಾಣುತ್ತವೆ. ವಿಭಾಗದ ಹಿರಿಯರ ಕೈ ಏಳುವ ಮೊದಲು ತಮ್ಮ ಕೈ ಮೇಲೆ ಕಾಣಬಾರದೆಂದು ಕಾಯುವ ವಿದ್ಯಾರ್ಥಿಗಳು ಎಲ್ಲ ವಿಭಾಗಗಳಲ್ಲೂ ಇದ್ದಾರೆ. ಎತ್ತಿದ ಕೈಯನ್ನು ಇಳಿಸುವ ಅಧಿಕಾರವೂ ಝೂಮ್‌ನಂಥ ಸಭೆಗಳಲ್ಲಿ ನಡೆಸುವವರ ಬಳಿ ಇರುತ್ತದೆ. ಯಾವ ಕೋಣೆಯಲ್ಲೂ ಅಧ್ಯಕ್ಷರು ಎದ್ದು ಬಂದು ಸದಸ್ಯರ ಕೈಯನ್ನು ಹಿಡಿದು ಕೆಳಗಿಳಿಸಿದ್ದನ್ನು ನಾವು ಕೇಳಿಲ್ಲ.

ಸಂಕೇತವಾಗಿ ಈ ಕೈಯ ಸ್ವರೂಪವೇನು? ತರಗತಿಯಲ್ಲಿ ಎತ್ತುವ ಕೈಗೆ ಮಟ್ಟಗಳಿವೆ. ಮೊಣಕೈ ಮಡಿಸಿ ಅರ್ಧ ಎತ್ತಿದ ಕೈ 'ಸಮಯವಿದ್ದರೆ' ಎನ್ನುತ್ತದೆ. ತೋಳು ಚಾಚಿ ಅಲುಗಾಡಿಸುವ ಕೈ 'ಈಗಲೇ' ಎನ್ನುತ್ತದೆ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕಿರುಬೆರಳು ಎತ್ತಿದ ಮಗು ಉತ್ತರ ಹೇಳಲು ಕೇಳುತ್ತಿಲ್ಲ ಎಂಬುದು ಯಾವ ಶಿಕ್ಷಕರಿಗೂ ವಿವರಿಸಬೇಕಾದ ಸಂಗತಿಯಲ್ಲ. ಕೈ ಎತ್ತಿದ ಕ್ಷಣಕ್ಕೂ ಅರ್ಥವಿದೆ: ನಿರ್ದಿಷ್ಟ ವಾಕ್ಯವೊಂದರ ನಡುವೆ ಎದ್ದ ಕೈ ಆ ವಾಕ್ಯಕ್ಕೆ ಸಂಬಂಧಿಸಿದ್ದು, ಮಾತುಗಾರ ತಾನೇ ತಿದ್ದಿಕೊಂಡರೆ ಅದು ಇಳಿಯುತ್ತದೆ. ಗುಂಡಿಯ ಕೈಗೆ ಮಟ್ಟವಿಲ್ಲ, ಇದೆ ಅಥವಾ ಇಲ್ಲ. ಕ್ಷಣವೂ ಇಲ್ಲ, ಕ್ರಮಸಂಖ್ಯೆ ಮಾತ್ರ ಇದೆ. ಯಾವ ಮಾತಿಗೆ ಎದ್ದದ್ದೆಂಬ ನೆನಪನ್ನು ಅದು ಇಟ್ಟುಕೊಳ್ಳುವುದಿಲ್ಲ.

ಕನ್ನಡದ ಜೋಡಿಯ ಮೇಲೆ ಇದರ ಪರಿಣಾಮವನ್ನು ನೋಡಿ. 'ಸರ್' ಎಂಬ ಕೋರಿಕೆ ಸಂಬೋಧನೆ. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಗುಂಡಿಯ ಮೂಲಕ ಬಂದ ಕೋರಿಕೆಯನ್ನು ಅಧ್ಯಕ್ಷರು 'ಇಂಥವರು ಕೈ ಎತ್ತಿದ್ದಾರೆ' ಎಂದು ಸಭೆಗೆ ಪ್ರಕಟಿಸುತ್ತಾರೆ. ಮಧ್ಯಮಪುರುಷದ ಸಂಬಂಧ ಪ್ರಥಮಪುರುಷದ ವರದಿಯಾಗಿ ಮಾರ್ಪಡುತ್ತದೆ. ಒಂದು ತಿದ್ದುಪಡಿಯಷ್ಟನ್ನೇ ಹೇಳಬೇಕೆಂದಿದ್ದವರು ಈಗ ಇಡೀ ಸಭೆ ತಿರುಗಿ ನೋಡುವ ಭಾಷಣಕಾರರ ಸ್ಥಾನದಲ್ಲಿರುತ್ತಾರೆ. ಸಣ್ಣ ಮಾತಿಗೆ ಇಷ್ಟು ದೊಡ್ಡ ವೇದಿಕೆ ಬೇಡವೆನಿಸಿ ಕೈ ಇಳಿಸಿಬಿಡುವುದು ಅಸಹಜವಲ್ಲ.

ನಮ್ಮ ಮುಖ್ಯ ಆಕ್ಷೇಪ ಇಲ್ಲಿದೆ. 1977ರಲ್ಲಿ ಶೆಗ್ಲಾಫ್, ಜೆಫರ್‌ಸನ್ ಮತ್ತು ಸ್ಯಾಕ್ಸ್ ದುರಸ್ತಿಯ ಬಗ್ಗೆ ಬರೆದ ಲೇಖನದ ಪ್ರಕಾರ, ಇನ್ನೊಬ್ಬರ ಮಾತಿನ ತೊಡಕನ್ನು ಕೇಳುಗರು ಎತ್ತಿ ತೋರಿಸುವುದು ಬಹುಪಾಲು ಅದರ ಮರುಸರದಿಯಲ್ಲೇ. 'ಏನಂದ್ರಿ?', 'ಯಾವ ಅಧ್ಯಾಯ?', 'ಹಾಗಂದ್ರೆ?' ಎಂಬ ಮಾತುಗಳಿಗೆ ಆ ಒಂದು ಜಾಗ ಬಿಟ್ಟರೆ ಬೇರೆ ಜಾಗವಿಲ್ಲ. ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತು, ಮೂವರ ಭಾಷಣ ಮುಗಿದ ಮೇಲೆ 'ಏನಂದ್ರಿ?' ಎಂದು ಕೇಳಲು ಬರುವುದಿಲ್ಲ. ಆಗ ಅದಕ್ಕೆ 'ಆಗ ತಾವು ಎರಡನೆಯ ಅಧ್ಯಾಯದ ಬಗ್ಗೆ ಹೇಳಿದ ಮಾತಿಗೆ ಹಿಂದಿರುಗುವುದಾದರೆ' ಎಂಬ ಪೀಠಿಕೆ ಬೇಕು. ಆ ಪೀಠಿಕೆಯೊಡನೆ ಅದು ದುರಸ್ತಿಯಾಗಿ ಉಳಿಯದೆ ಆಕ್ಷೇಪಣೆಯಾಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ಅರ್ಥವಾಗದ ಅಭ್ಯರ್ಥಿಯ, ಪ್ರಗತಿ ಪರಿಶೀಲನೆಯಲ್ಲಿ ಮಾರ್ಗದರ್ಶಕರ ಸೂಚನೆ ಅರ್ಧ ಕೇಳಿಸಿದ ವಿದ್ಯಾರ್ಥಿಯ ಸಂಕಟ ಇದೇ. ದುರಸ್ತಿಗೆ ಗುಂಡಿಯಿಲ್ಲ. ಇಂಥವರಿಗೆ ಚಾಟ್ ಪೆಟ್ಟಿಗೆಯಿದೆಯಲ್ಲ ಎನ್ನಬಹುದು. ಆದರೆ ಮಾತನಾಡುತ್ತಿರುವವರು ಅದನ್ನು ಓದುತ್ತಿರುವುದಿಲ್ಲ.

ಶಾಸನಸಭೆಯ ಸಂಪ್ರದಾಯ ಈ ವಿಷಯದಲ್ಲಿ ಗುಂಡಿಗಿಂತ ಸೂಕ್ಷ್ಮವಾಗಿದೆ. ಲೋಕಸಭೆಯಲ್ಲಿ ಮಾತನಾಡಬಯಸುವ ಸದಸ್ಯರು ತಮ್ಮ ಸ್ಥಾನದಲ್ಲಿ ಎದ್ದು ನಿಲ್ಲುತ್ತಾರೆ. ಸಭಾಧ್ಯಕ್ಷರು ಹೆಸರು ಕರೆದ ಮೇಲೆ ಮಾತನಾಡುತ್ತಾರೆ. ಇದು ಕಾಯುವ ಕೋರಿಕೆ. ಕ್ರಿಯಾಲೋಪ ಎತ್ತುವವರು ಕಾಯಬೇಕಾಗಿಲ್ಲ; ನಡೆಯುತ್ತಿರುವ ಮಾತನ್ನೇ ತಡೆಯಬಹುದು. 1876ರಲ್ಲಿ ಹೆನ್ರಿ ರಾಬರ್ಟ್ ಪ್ರಕಟಿಸಿದ ಸಭಾನಿಯಮಗಳ ಕೈಪಿಡಿಯೂ ಕಾಯಬೇಕಾದ ಮತ್ತು ತಡೆಯಬಹುದಾದ ಕೋರಿಕೆಗಳನ್ನು ಬೇರ್ಪಡಿಸುತ್ತದೆ. ಪೂರ್ವನಿಗದಿಯ ತುದಿಗೆ ಹತ್ತಿರವಿರುವ ವ್ಯವಸ್ಥೆಗಳು ಕೂಡ ಎಲ್ಲ ಕೋರಿಕೆಗಳನ್ನೂ ಒಂದೇ ಸಾಲಿಗೆ ಹಚ್ಚಲಿಲ್ಲ. ನಗುವ ಮುಖ, ಚಪ್ಪಾಳೆ, ಹೃದಯಗಳಿಗೆಲ್ಲ ಚಿಹ್ನೆಗಳನ್ನು ಒದಗಿಸಿದ ತಂತ್ರಾಂಶಗಳು 'ಈಗಿನ ಮಾತು ನನಗೆ ತಿಳಿಯಲಿಲ್ಲ' ಎಂಬುದಕ್ಕೆ ಸಾಲು ಮೀರುವ ಹಕ್ಕನ್ನು ಕೊಟ್ಟಿಲ್ಲ.

ಇದುವರೆಗಿನ ಚರ್ಚೆಯೆಲ್ಲ ಆಡುಮಾತಿನದು. ಸಂಜ್ಞಾಭಾಷೆ ಬಳಸುವವರಿಗೆ ಸಮಸ್ಯೆ ಇನ್ನೂ ಮೂಲಭೂತ. ನೋಡುವ ಕಣ್ಣನ್ನು ಮೊದಲು ಗಳಿಸದೆ ಅಲ್ಲಿ ಸರದಿಯೇ ಆರಂಭವಾಗುವುದಿಲ್ಲ. ಮಾತನಾಡುವವರ ಚೌಕವನ್ನು ಧ್ವನಿಯ ಆಧಾರದ ಮೇಲೆ ದೊಡ್ಡದಾಗಿಸುವ ಪರದೆ, ಸಂಜ್ಞೆ ಮಾಡುತ್ತಿರುವವರನ್ನು ಮೌನವಾಗಿರುವವರೆಂದೇ ಎಣಿಸುತ್ತದೆ. ಪಿನ್ ಮಾಡುವ ಸೌಲಭ್ಯದಿಂದ ಇದನ್ನು ದಾಟಬಹುದು. ಆದರೆ ಯಾರು ಸಂಜ್ಞೆ ಆರಂಭಿಸಲಿದ್ದಾರೆಂದು ಮೊದಲೇ ತಿಳಿದಿದ್ದರೆ ಮಾತ್ರ.

6. ದತ್ತ ಸಂಗ್ರಹದ ಬಗ್ಗೆ

ಕನ್ನಡದ ಆನ್‌ಲೈನ್ ಸಭೆಗಳ ಮೇಲೆ ಕೆಲಸ ಆರಂಭಿಸುವ ಸಂಶೋಧನಾ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸಭೆಯ ಧ್ವನಿಮುದ್ರಣವನ್ನು ಸರ್ವರ್‌ನಿಂದ ಇಳಿಸಿಕೊಂಡು ಜೆಫರ್‌ಸನ್ ಪದ್ಧತಿಯಲ್ಲಿ ಲಿಪ್ಯಂತರ ಮಾಡುತ್ತಾರೆ. ಮೇಲಿನ ವಾದ ಒಪ್ಪಿಗೆಯಾದರೆ ಈ ವಿಧಾನ ನಿಲ್ಲುವುದಿಲ್ಲ. ಸರ್ವರ್‌ನ ಮುದ್ರಣದಲ್ಲಿರುವ ಕಾಲ ಅಧ್ಯಕ್ಷರದೂ ಅಲ್ಲ, ಸದಸ್ಯೆಯದೂ ಅಲ್ಲ. ಪ್ರತಿಯೊಬ್ಬರ ಧ್ವನಿಯೂ ಬೇರೆಬೇರೆ ವಿಳಂಬದಿಂದ ಬಂದು ಸೇರಿದ ಮೂರನೆಯ ಕಾಲ ಅದು. ಮಾತುಗಳ ಮೇಲ್ಬೀಳುವಿಕೆಯನ್ನು ಸೂಚಿಸುವ ಚೌಕ ಆವರಣವನ್ನು ಅದರ ಆಧಾರದ ಮೇಲೆ ಹಾಕಿದರೆ, ಯಾರೂ ಕೇಳದ ಒಂದು ಡಿಕ್ಕಿಯ ಸ್ಥಳವನ್ನು ಗುರುತು ಮಾಡಿದಂತಾಗುತ್ತದೆ. ಅಧ್ಯಕ್ಷರ ತುದಿ ಮತ್ತು ಕನಿಷ್ಠ ಒಬ್ಬ ಕಿರಿಯ ಸದಸ್ಯರ ತುದಿ, ಹೀಗೆ ಎರಡು ಕಡೆಯ ಪರದೆ ಮತ್ತು ಧ್ವನಿಯನ್ನು ಅವರ ಒಪ್ಪಿಗೆಯೊಂದಿಗೆ ಪ್ರತ್ಯೇಕವಾಗಿ ಮುದ್ರಿಸಿ ಎರಡು ಅಂಕಣಗಳಲ್ಲಿ ಲಿಪ್ಯಂತರ ಮಾಡುವುದು ಶ್ರಮದ ಕೆಲಸವಾದರೂ ಅಸಾಧ್ಯವಲ್ಲ. ಕಿರಿಯ ಸದಸ್ಯರ ಕೋಣೆಯಲ್ಲಿ ಮೈಕ್‌ನ ಹೊರಗೆ ಇನ್ನೊಂದು ಮುದ್ರಣಯಂತ್ರ ಇರುವುದು ಅಗತ್ಯ. ಮೈಕ್ ತೆರೆಯುವ ಮೊದಲೇ ಆಡಿಬಿಟ್ಟ 'ಸರ್' ದಾಖಲಾಗುವುದು ಅದರಲ್ಲಿ ಮಾತ್ರ.